ಮಾಳಗಿ ಮೇಲಿನ ಮಣ್ಣು ಎಷ್ಟು ಟನ್ನು?

ನಮ್ಮ ನರೋಣಾ ಕಡೆ ಹಳೆ ಮನೆಯೊಳಗೆ ಅಂಗಾತ ಮಲಗಿದರೆ ಮೊದಲು ಕಣ್ಣಿಗೆ ಬೀಳುವುದು ಜಂತಿ. ಅದರ ಮೇಲೆ ಚಿಕ್ಕ ಕಟ್ಟಿಗೆ, ಸೊಪ್ಪು, ಅದರ ಮೇಲೆ ಮಣ್ಣು. ಬೇಸಿಗೆಯಲ್ಲಿ ಹೊರಗೆ ನಲವತ್ತು ಡಿಗ್ರಿ ದಾಟಿದರೂ ಒಳಗೆ ತಂಪು. ಈ ತಂಪಿಗೆ ನಮ್ಮ ಹಿರಿಯರು ಕೊಟ್ಟ ಬೆಲೆ ಭಾರ. ಎಷ್ಟು ಭಾರ ಅಂತ ಲೆಕ್ಕ ಹಾಕಿದವರು ಕಡಿಮೆ. ಇವತ್ತು ಹಾಕಿ ನೋಡೋಣ.

ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಖೋಲಿ ಅಂದುಕೊಳ್ಳಿ. ಮೇಲೆ ಒಂದೂವರೆ ಅಡಿ ಮಣ್ಣು. ಒಟ್ಟು 180 ಘನ ಅಡಿ ಆಯಿತು. ಒಣಗಿ ಗಟ್ಟಿಯಾದ ಮಣ್ಣು ಘನ ಅಡಿಗೆ ಸುಮಾರು 45 ಕಿಲೋ ತೂಗುತ್ತದೆ. ಅಂದರೆ 8 ಟನ್ನಿಗೂ ಸ್ವಲ್ಪ ಹೆಚ್ಚು. ಮಳೆ ನೀರು ಕುಡಿದರೆ ಇನ್ನೂ ಏರುತ್ತದೆ. ಇದೇ ಖೋಲಿಗೆ ಐದು ಇಂಚಿನ ಆರ್‌ಸಿಸಿ ಸ್ಲ್ಯಾಬ್ ಹಾಕಿದರೆ ಮೂರೂವರೆ ಟನ್ನು. ಸಿಮೆಂಟು ಭಾರ, ಮಣ್ಣು ಹಗುರ ಅಂತ ನಾವು ಅಂದುಕೊಂಡಿದ್ದು ತಿರುಗುಮುರುಗು!

ಹಾಗಾದರೆ ಇಷ್ಟು ಭಾರ ಹೊತ್ತ ಗೋಡೆ ನೂರು ವರ್ಷ ಹೇಗೆ ನಿಂತಿತು? ಇದಕ್ಕೂ ಲೆಕ್ಕವಿದೆ. ಎರಡು ಅಡಿ ದಪ್ಪದ, ಹನ್ನೆರಡು ಅಡಿ ಉದ್ದದ ಎರಡು ಗೋಡೆಗಳ ಮೇಲೆ ಆ ಎಂಟು ಟನ್ನು ಹಂಚಿಹೋಗುತ್ತದೆ. ಭಾರವನ್ನು ಅದು ಕೂತ ಜಾಗದಿಂದ ಭಾಗಿಸಿದರೆ ಚದರ ಇಂಚಿಗೆ ಒಂದು ಕಿಲೋ ಚಿಲ್ಲರೆ. ಕಲ್ಲಿಗೆ ಇದು ಏನೂ ಅಲ್ಲ. ಭಾರವನ್ನು ಜಾಗದಿಂದ ಭಾಗಿಸಿದಾಗ ಸಿಗುವ ಈ ಸಂಖ್ಯೆಗೆ ಇಂಜಿನಿಯರಿಂಗ್ ಓದುವ ಹುಡುಗರು ಸ್ಟ್ರೆಸ್ ಅನ್ನುತ್ತಾರೆ. ಭಾರಕ್ಕೆ ವಸ್ತು ತನ್ನ ಉದ್ದದ ಎಷ್ಟನೇ ಪಾಲು ಹಿಗ್ಗಿತು ಅಥವಾ ಕುಗ್ಗಿತು ಅನ್ನುವುದು ಸ್ಟ್ರೇನ್.

ಗೋಡೆಗಿಂತ ಜಂತಿಯ ಕಥೆ ಕಷ್ಟದ್ದು. ಜಂತಿ ಬಗ್ಗುತ್ತದೆ. ಬಗ್ಗಿದಾಗ ಅದರ ಮೇಲ್ಮೈ ಒತ್ತಿಕೊಂಡು ಕುಗ್ಗುತ್ತದೆ, ಕೆಳಮೈ ಎಳೆದುಕೊಂಡು ಹಿಗ್ಗುತ್ತದೆ. ಅದಕ್ಕೇ ಸೀಳು ಸಾಮಾನ್ಯವಾಗಿ ಕೆಳಗಿನಿಂದ ಶುರುವಾಗುತ್ತದೆ. ಇದನ್ನು ಮೊದಲು ಲೆಕ್ಕಕ್ಕೆ ಇಳಿಸಲು ಹೊರಟವರಲ್ಲಿ ಒಬ್ಬ ಇಟಲಿಯ ಗೆಲಿಲಿಯೋ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಅಂದಿದ್ದಕ್ಕೆ ಅವನನ್ನು ಗೃಹಬಂಧನದಲ್ಲಿ ಇಟ್ಟಿದ್ದರು, ಕಣ್ಣೂ ಹೋಗಿತ್ತು. ಅಂಥ ಹೊತ್ತಿನಲ್ಲಿ, 1638ರಲ್ಲಿ, ಅವನ ಕೊನೆಯ ದೊಡ್ಡ ಪುಸ್ತಕ ಹಾಲೆಂಡಿನ ಲೈಡನ್ ಊರಲ್ಲಿ ಅಚ್ಚಾಯಿತು. ಗೋಡೆಗೆ ಸಿಕ್ಕಿಸಿದ ತೊಲೆಯ ತುದಿಗೆ ಭಾರ ತೂಗುಬಿಟ್ಟರೆ ಅದು ಯಾವಾಗ ಮುರಿಯುತ್ತದೆ ಅನ್ನುವುದು ಅದರಲ್ಲಿದೆ. ತೊಲೆಯ ಅಗಲ ಎರಡು ಪಟ್ಟಾದರೆ ಬಲ ಎರಡು ಪಟ್ಟು. ಎತ್ತರ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ನಾಲ್ಕಿಂಚು ಎರಡಿಂಚಿನ ಪಟ್ಟಿಯನ್ನು ಮಲಗಿಸಿ ಇಡುವ ಬದಲು ನಿಲ್ಲಿಸಿ ಇಟ್ಟರೆ ಎರಡು ಪಟ್ಟು ಹೊರುತ್ತದೆ. ನಮ್ಮ ಬಡಿಗರು ಪುಸ್ತಕ ನೋಡದೆಯೇ ಪಟ್ಟಿ ನಿಲ್ಲಿಸಿ ಇಡುತ್ತಾರೆ, ಅದು ಬೇರೆ ಮಾತು.

ಗೆಲಿಲಿಯೋ ಒಂದು ತಪ್ಪೂ ಮಾಡಿದ. ತೊಲೆಯ ಇಡೀ ಮೈ ಒಂದೇ ಸಮ ಎಳೆತಕ್ಕೆ ಸಿಗುತ್ತದೆ ಅಂದುಕೊಂಡ, ಕೆಳ ಅಂಚು ಒತ್ತಿಕೊಳ್ಳುವುದನ್ನು ಬಿಟ್ಟ. ಈಗಿನ ಸೂತ್ರಕ್ಕೆ ಹೋಲಿಸಿದರೆ ಅವನ ಲೆಕ್ಕದಲ್ಲಿ ತೊಲೆಯ ಬಲ ಮೂರು ಪಟ್ಟು ಹೆಚ್ಚು ಬರುತ್ತದೆ. 1678ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್, ಭಾರ ಎಷ್ಟು ಪಟ್ಟು ಏರುತ್ತದೋ ಹಿಗ್ಗೂ ಅಷ್ಟೇ ಪಟ್ಟು ಅಂತ ಸ್ಪ್ರಿಂಗ್ ತೂಗಿಬಿಟ್ಟು ತೋರಿಸಿದ. ಸಂತೆಯಲ್ಲಿ ಕೊಕ್ಕೆಗೆ ನೇತುಹಾಕುವ ಸ್ಪ್ರಿಂಗ್ ತಕ್ಕಡಿ ಅದೇ ನಿಯಮ. ಮುಂದೆ ಫ್ರಾನ್ಸಿನ ಕೂಲಂಬ್, ನೇವಿಯೆ, ಕೋಶಿ ಇವರ ಕೈಯಲ್ಲಿ ಲೆಕ್ಕ ಸರಿಯಾಗುವ ಹೊತ್ತಿಗೆ 1820ರ ದಶಕ ಬಂದಿತ್ತು.

ಗೆಲಿಲಿಯೋನ ಪುಸ್ತಕ ಅಚ್ಚಾದ ವರ್ಷ ವಿಜಯಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ ಆಳ್ವಿಕೆ. 1627ರಿಂದ 1656ರವರೆಗೆ ಆಳಿದ ಅವನ ಗೋರಿಯೇ ಗೋಲಗುಮ್ಮಟ. ಒಳಗೆ 135 ಅಡಿ ಚೌಕ, ನಡುವೆ ಒಂದೂ ಕಂಬವಿಲ್ಲ, ಗೋಡೆ ಹತ್ತು ಅಡಿ ದಪ್ಪ. ಗುಮ್ಮಟ ಯಾವಾಗಲೂ ಬುಡದಲ್ಲಿ ಹೊರಗೆ ತಳ್ಳುತ್ತದೆ, ಜೋಳದ ರಾಶಿ ಬುಡದಲ್ಲಿ ಹರಡಿಕೊಳ್ಳುವ ಹಾಗೆ. ಅಲ್ಲಿನ ಗೌಂಡಿಗಳು ಎಂಟು ಕಮಾನುಗಳನ್ನು ಒಂದಕ್ಕೊಂದು ಹಾಯಿಸಿ, ಚೌಕವನ್ನು ಮೇಲೆ ಹೋದಂತೆ ಒಳಕ್ಕೆ ಕಿರಿದು ಮಾಡಿದರು. ಒಳಕ್ಕೆ ಚಾಚಿದ ಆ ಕಟ್ಟಡದ ತೂಕವೇ ಗುಮ್ಮಟದ ಹೊರ ತಳ್ಳನ್ನು ಹಿಡಿದು ನಿಲ್ಲಿಸಿದೆ. ಪಿಸುಮಾತು ಕೇಳಿಸಿಕೊಳ್ಳಲು ನಾವು ಸುತ್ತುವ ಗ್ಯಾಲರಿ ಆ ಚಾಚಿನ ಮೇಲೆಯೇ ಇದೆ. ಸೂತ್ರ ಹುಟ್ಟುವ ಮೊದಲೇ ಸೂತ್ರಕ್ಕೆ ಒಪ್ಪುವ ಕಟ್ಟಡ. ಹಾಗಂತ ಅಂದಾಜಿನಿಂದ ಕಟ್ಟಿದ್ದೆಲ್ಲ ನಿಲ್ಲುತ್ತದೆ ಅಂತಲ್ಲ. ಬಿದ್ದವು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಬಿದ್ದಿದ್ದನ್ನು ಈ ಭಾಗದವರು ನೋಡಿದ್ದು 1993ರ ಸೆಪ್ಟೆಂಬರ್ 30ರಂದು. ಬೆಳಗಿನ ಜಾವ, ನಾಲ್ಕಕ್ಕೆ ಇನ್ನೂ ಕೆಲವು ನಿಮಿಷ ಬಾಕಿ. ಆಳಂದದಿಂದ ನೇರ ಗೆರೆ ಎಳೆದರೆ ಸುಮಾರು ಐವತ್ತು ಕಿಲೋಮೀಟರು ಉತ್ತರಕ್ಕಿರುವ ಕಿಲ್ಲಾರಿ ನಡುಗಿತು. ತೀವ್ರತೆ 6.2. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸತ್ತವರು ಹತ್ತು ಸಾವಿರದ ಹತ್ತಿರ. ಅಲ್ಲಿಯೂ ನಮ್ಮಂಥದ್ದೇ ಮನೆ: ಕಲ್ಲು, ಕೆಸರಿನ ಗೋಡೆ, ಮೇಲೆ ಮಣ್ಣಿನ ಮಾಳಗಿ. ಅದುವರೆಗೆ ಭೂಕಂಪದ ನಕ್ಷೆಯಲ್ಲಿ ಆ ಊರುಗಳು ಅತಿ ಕಡಿಮೆ ಅಪಾಯದ ವಲಯದಲ್ಲಿದ್ದವು. 2002ರ ನಕ್ಷೆಯಲ್ಲಿ ಮೂರನೇ ವಲಯಕ್ಕೆ ಏರಿದವು.

ಮೇಲಿನ ಲೆಕ್ಕಕ್ಕೆ ವಾಪಸು ಬನ್ನಿ. ಭಾರ ನೇರ ಕೆಳಗೆ ಕೂತಾಗ ಗೋಡೆಗೆ ಚಿಂತೆ ಇಲ್ಲ. ನೆಲ ಅಡ್ಡಡ್ಡ ಅಲುಗಿದಾಗ ಆಟ ಬದಲು. ಅಲುಗಾಟ ಮೇಲಿನ ತೂಕದ ಐದನೇ ಒಂದು ಪಾಲಿನಷ್ಟು ತಳ್ಳಿದರೂ, ಎಂಟು ಟನ್ನಿಗೆ ಒಂದೂವರೆ ಟನ್ನಿಗಿಂತ ಹೆಚ್ಚಿನ ಅಡ್ಡ ತಳ್ಳು. ಒತ್ತಿದರೆ ತಡೆಯುವ ಕೆಸರು, ಎಳೆದರೆ ಬಿಟ್ಟುಕೊಡುತ್ತದೆ. ಅದರ ಮೇಲೆ ಇನ್ನೊಂದು ದೋಷ: ದಪ್ಪ ಗೋಡೆ ಅಂದರೆ ಬಹಳ ಕಡೆ ಒಳಗೊಂದು, ಹೊರಗೊಂದು ಪದರ, ನಡುವೆ ಸಣ್ಣ ಕಲ್ಲು, ಮಣ್ಣು. ಎರಡನ್ನೂ ಹಿಡಿದಿಡುವ ಅಡ್ಡಗಲ್ಲು ಇಲ್ಲದಿದ್ದರೆ ಪದರಗಳು ಬೇರೆಯಾಗಿ ಹೊಟ್ಟೆ ಬಿಡುತ್ತವೆ. ಗೋಡೆ ಸರಿದ ಮೇಲೆ ಆ ಎಂಟು ಟನ್ನು ಮಲಗಿದವರ ಮೇಲೆ.

ನನಗೆ ಹೆಚ್ಚು ಕಾಡುವುದು ಪ್ರತಿ ವರ್ಷದ ಒಂದು ಪುಟ್ಟಿ ಮಣ್ಣು. ಮುಂಗಾರಿಗೆ ಮುಂಚೆ ಸೋರುವ ಜಾಗಕ್ಕೆ ಹೊಸ ಮಣ್ಣು ಏರಿಸುತ್ತೇವೆ, ಹಳೆಯದನ್ನು ಇಳಿಸುವವರು ಯಾರೂ ಇಲ್ಲ. ಅಜ್ಜ ಜಂತಿ ಆರಿಸಿದ್ದು ಒಂದು ಅಡಿ ಮಣ್ಣಿಗೆ. ಮೊಮ್ಮಗನ ಕಾಲಕ್ಕೆ ಅದು ಎರಡು ಅಡಿ. ಜಂತಿ ಮಾತ್ರ ಅದೇ, ಗೆದ್ದಲು ತಿಂದು ಇನ್ನೂ ಸಣ್ಣದಾಗಿದೆ. ಎತ್ತರದ ಲೆಕ್ಕ ನೆನಪಿದೆಯಲ್ಲ? ಎತ್ತರದಲ್ಲಿ ಕಾಲು ಭಾಗ ಹೋದರೆ ಬಲ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ.

ಹೊಸ ಮನೆ ಕಟ್ಟುವವರಿಗೂ ಇದೇ ಪಾಠ ಬೇರೆ ರೂಪದಲ್ಲಿ ಬರುತ್ತದೆ. ಸ್ಲ್ಯಾಬಿನ ನಡುವೆ ಎಳೆತ ಕೆಳಗಿರುತ್ತದೆ, ಅಲ್ಲಿ ರಾಡು ಕೆಳಗೆ. ಕಿಟಕಿ ಮೇಲಿನ ಸಜ್ಜಾ ಗೋಡೆಯಿಂದ ಹೊರಗೆ ಚಾಚಿದೆ, ಗೆಲಿಲಿಯೋನ ತೊಲೆಯ ಹಾಗೆ. ಅಲ್ಲಿ ಎಳೆತ ಮೇಲೆ, ರಾಡೂ ಮೇಲೆಯೇ ಇರಬೇಕು. ಕಾಂಕ್ರೀಟ್ ಸುರಿಯುವಾಗ ಯಾರಾದರೂ ತುಳಿದು ರಾಡು ಕೆಳಗಿಳಿದರೆ, ಸೆಂಟ್ರಿಂಗ್ ಬಿಚ್ಚಿದ ದಿನವೇ ಸಜ್ಜಾ ಕಳಚಬಹುದು.

2021ರ ಅಕ್ಟೋಬರಿನಲ್ಲಿ ನಮ್ಮದೇ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ಮೇಲಿಂದ ಮೇಲೆ ನೆಲ ನಡುಗಿತು. ಒಂದು ನಡುಕ 4.1ರದ್ದು. ಜನ ರಾತ್ರಿ ಮನೆ ಬಿಟ್ಟು ಬಯಲಲ್ಲಿ ಮಲಗಿದರು. ನಿಮ್ಮ ಮನೆ ಮಾಳಗಿಯದ್ದಾದರೆ, ಈ ಭಾನುವಾರ ಜಂತಿಯ ಎರಡು ತುದಿಗೂ ಕೆಳಗಿನಿಂದ ಒಂದು ದಾರ ಬಿಗಿದು ಕಟ್ಟಿ. ನಡುವೆ ಜಂತಿ ದಾರವನ್ನು ಎಷ್ಟು ಕೆಳಗೆ ತಳ್ಳುತ್ತದೆ ನೋಡಿ, ಗೋಡೆ ಮೇಲೆ ಪೆನ್ಸಿಲಿನಿಂದ ತಾರೀಖಿನ ಜೊತೆ ಬರೆದಿಡಿ. ಮಳೆಗಾಲ ಮುಗಿದ ಮೇಲೆ ಮತ್ತೆ ಅಳೆಯಿರಿ. ಬಗ್ಗು ಹೆಚ್ಚಿದ್ದರೆ ಹೊಸ ಮಣ್ಣು ಏರಿಸಬೇಡಿ. ಮೊದಲು ಜಂತಿಗೆ ಊರೆ ಕೊಟ್ಟು, ಆಮೇಲೆ ಹಳೆ ಮಣ್ಣು ಇಳಿಸಿ.