ಧಾರವಾಡ ಜಿಲ್ಲೆಯ ಒಳನಾಡು ಮತ್ತು ಚಂಡಮಾರುತಗಳು

ಬಂಗಾಳ ಕೊಲ್ಲಿ ಮತ್ತು ಅರಬ್ಬೀ ಸಮುದ್ರದಲ್ಲಿ ಏಳುವ ಚಂಡಮಾರುತ, ವಾಯುಭಾರ ಕುಸಿತಗಳು ಕಡಲಿಂದ ದೂರವಿರುವ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲ್ಲೂಕುಗಳ ಬೇಸಾಯವನ್ನೂ ಬದುಕನ್ನೂ ಕಾಡುತ್ತ ಬಂದಿವೆ. ಧಾರವಾಡದ ಹಿಂಗಾರಿಗೆ ಕಂಟಕವಾಗುವುದು ಮುಖ್ಯವಾಗಿ ಬಂಗಾಳ ಕೊಲ್ಲಿಯ ತೂಫಾನು.

ನೆಲ ಮತ್ತು ನೀರು

ಅರೆಮಲೆನಾಡಾದ ಕಲಘಟಗಿಯ ನೀರು ಬೇಡ್ತಿ ಹೊಳೆಯಾಗಿ ಪಶ್ಚಿಮಕ್ಕೆ ಇಳಿಯುತ್ತದೆ. ಕುಂದಗೋಳ, ನವಲಗುಂದದ ಬಯಲಿನ ನೀರು ಬೆಣ್ಣಿಹಳ್ಳದ ಮೂಲಕ ಮಲಪ್ರಭೆ ಸೇರುತ್ತದೆ. ಶಿಗ್ಗಾವಿ ತಾಲ್ಲೂಕಿನಲ್ಲಿ ಹುಟ್ಟುವ ಈ ಹಳ್ಳಕ್ಕೆ ತುಪ್ಪರಿಹಳ್ಳವೂ ಕೂಡುತ್ತದೆ. ಇಳಿಜಾರು ಕಡಿಮೆ, ಎರೆಮಣ್ಣು ನೀರನ್ನು ಬೇಗ ಬಿಡದು. ಹೀಗಾಗಿ ಹಳ್ಳ ಉಕ್ಕಿದರೆ ನೀರು ಹೊಲಗಳಲ್ಲಿ ಹರಡಿ ನಿಲ್ಲುತ್ತದೆ.

ಪ್ರಮುಖ ಘಟನೆಗಳು

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಉತ್ತರ ಕರ್ನಾಟಕದ ಮೇಲೆ ಭಾರೀ ಮಳೆ ಸುರಿಸಿತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ನಿರಾಶ್ರಿತರಿಗೆ ಮನೆ ಕಟ್ಟಲು ಸರ್ಕಾರ 'ಆಸರೆ' ಯೋಜನೆ ಕೈಗೊಂಡಿತು. 2019ರ ಆಗಸ್ಟ್‌ನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿ ನವಲಗುಂದದ ಹಳ್ಳಿಗಳು ಜಲಾವೃತವಾದವು. ಅದಕ್ಕೆ ಕಾರಣ ಚಂಡಮಾರುತವಲ್ಲ, ಮುಂಗಾರಿನ ಅಬ್ಬರ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ನೆಲ ಮುಟ್ಟಿದ 'ಫೆಂಗಲ್' ಚಂಡಮಾರುತ ದುರ್ಬಲಗೊಂಡ ಮೇಲೂ ಪರ್ಯಾಯ ದ್ವೀಪವನ್ನು ದಾಟಿ ಅರಬ್ಬೀ ಸಮುದ್ರ ಸೇರಿತು.

ಬೆಳೆ ಮತ್ತು ಬದುಕು

ಒಳನಾಡಿಗೆ ಬರುವಷ್ಟರಲ್ಲಿ ಗಾಳಿಯ ಸೊಕ್ಕು ಇಳಿದಿರುತ್ತದೆ. ಹಾನಿ ಮಾಡುವುದು ಹೊತ್ತಲ್ಲದ ಮಳೆ ಮತ್ತು ಮೋಡ. ಸುಗ್ಗಿಯ ಹೊತ್ತಿನಲ್ಲಿ ಜಿಟಿಜಿಟಿ ಹಿಡಿದರೆ ಅರಳಿದ ಹತ್ತಿ ಬಣ್ಣಗೆಡುತ್ತದೆ, ಕಣದಲ್ಲಿ ಒಣಹಾಕಿದ ಬ್ಯಾಡಗಿ ಮೆಣಸಿನಕಾಯಿಗೆ ಬೂಸು ಹಿಡಿಯುತ್ತದೆ, ಉಳ್ಳಾಗಡ್ಡಿ ಕೊಳೆಯುತ್ತದೆ. ಹೂವಿನಲ್ಲಿರುವ ಕಡಲೆಯ ಹುಳಿ ತೊಳೆದುಹೋಗಿ ಕಾಳು ಕಟ್ಟುವುದಿಲ್ಲವೆಂದು ರೈತರು ಹೇಳುತ್ತಾರೆ. ನೆನೆದ ಮಣ್ಣಿನ ಗೋಡೆಗಳು ಕುಸಿಯುತ್ತವೆ, ಮಾಳಿಗೆ ಸೋರುತ್ತದೆ.

ಒಳಿತೂ ಇದೆ. ಹದವರಿತು ಬಂದ ಚಿತ್ತಾ, ಸ್ವಾತಿ ಮಳೆ ಎರೆಹೊಲಕ್ಕೆ ಹಿಂಗಾರಿ ಜೋಳ, ಕುಸುಬಿಗೆ ಬೇಕಾದ ಹಸಿ ಕೊಡುತ್ತದೆ. ಕುಡಿಯುವ ನೀರಿಗೆ ಕೆರೆಯನ್ನೇ ನಂಬಿದ ಊರುಗಳಿಗೂ ಈ ಮಳೆ ಆಧಾರ.

ಹೋಲಿಕೆ ಮತ್ತು ಎಚ್ಚರಿಕೆ

2023ರ ಸೆಪ್ಟೆಂಬರ್‌ನಲ್ಲಿ ಮೆಡಿಟರೇನಿಯನ್ ಚಂಡಮಾರುತ 'ಡೇನಿಯಲ್' ಗ್ರೀಸಿನ ಥೆಸಲಿ ಬಯಲನ್ನು ಮುಳುಗಿಸಿದಾಗ ಅಲ್ಲಿಯೂ ಹತ್ತಿಯ ಹೊಲಗಳು ನೀರುಪಾಲಾದವು. ಬಯಲುಸೀಮೆಯ ರೈತನ ಸಂಕಟ ಎರಡೂ ಕಡೆ ಒಂದೇ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. 1986ರಲ್ಲಿ ಸ್ಥಾಪನೆಯಾದ ಧಾರವಾಡ ಕೃಷಿ ವಿಶ್ವವಿದ್ಯಾಲಯ ಹವಾಮಾನ ಆಧರಿಸಿ ಬೇಸಾಯದ ಸಲಹೆ ನೀಡುತ್ತದೆ. ಕರಾವಳಿಯ ಮೀನುಗಾರನಿಗೆ ಸಿಗುವ ಮುನ್ನೆಚ್ಚರಿಕೆ ಕಣದಲ್ಲಿ ಬೆಳೆ ಹರವಿದ ರೈತನಿಗೂ ಅಷ್ಟೇ ಬೇಗ ತಲುಪಬೇಕು. ಎರೆಸೀಮೆಯ ಸುಗ್ಗಿ ಉಳಿಯುವುದು ಅದರಿಂದಲೇ.