ನೆಲನೆಲ್ಲಿ, ಕಾಮಾಲೆ ಮತ್ತು ಅಜ್ಜಿಯ ಮಜ್ಜಿಗೆ

ಮೊನ್ನೆ ತಂಗಿ ಫೋನ್ ಮಾಡಿದ್ದಳು. ಮಗನ ಕಣ್ಣು ಹಳದಿಯಾಗಿದೆಯಂತೆ. "ಅಣ್ಣಾ, ನಿಂಗೆ ಕಾಮಾಲೆ ಆದಾಗ ಅಜ್ಜಿ ನೆಲನೆಲ್ಲಿ ಕೊಡ್ತಿದ್ರಲ್ಲ, ಅದು ಹೇಗೆ ಮಾಡೋದು?" ಅಂತ ಕೇಳಿದಳು.

ಉತ್ತರ ಬಾಯಿತುದಿಯಲ್ಲೇ ಇತ್ತು. ತೋಟದ ಬದುವಿನಿಂದ ಒಂದು ಹಿಡಿ ಕಿತ್ತು, ಬೇರು ಸಮೇತ ತೊಳೆದು, ನುಣ್ಣಗೆ ಅರೆದು, ಮಜ್ಜಿಗೆಯಲ್ಲಿ ಕದಡಿ ಖಾಲಿ ಹೊಟ್ಟೆಗೆ ಕುಡಿಸೋದು. ಎಂಥಾ ಕಹಿ ಅಂತೀರಿ! ಮೂರು ವಾರದಲ್ಲಿ ನನ್ನ ಕಣ್ಣು ಬೆಳ್ಳಗಾಗಿತ್ತು. ಆದರೂ ತಂಗಿಗೆ ಅದನ್ನು ಹೇಳಲಿಲ್ಲ. "ಮೊದಲು ಡಾಕ್ಟರ ಹತ್ರ ಹೋಗಿ ರಕ್ತಪರೀಕ್ಷೆ ಮಾಡಿಸು" ಅಂದೆ. ಅವಳಿಗೆ ಬೇಸರವಾಯ್ತು. ಹಾಗೆ ಯಾಕಂದೆ ಅನ್ನೋದಕ್ಕೆ ಈ ಬರಹ.

ನೆಲನೆಲ್ಲಿ ನಿಮಗೆಲ್ಲ ಗೊತ್ತಿರೋದೇ. ಮಳೆ ಬಿದ್ದರೆ ಸಾಕು, ಅಂಗಳದಲ್ಲಿ, ಗದ್ದೆಬದುವಿನಲ್ಲಿ, ಕಾಂಪೌಂಡಿನ ಸಂದಿಯಲ್ಲಿ ಹುಟ್ಟಿಕೊಳ್ಳುವ ಗೇಣುದ್ದದ ಗಿಡ. ಎಲೆಸಾಲಿನ ಅಡಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಕಾಯಿಗಳು. ನಾವು ಉಪ್ಪು ಹಚ್ಚಿ ತಿನ್ನುವ ಬೆಟ್ಟದ ನೆಲ್ಲಿಯೂ ಇದೂ ಒಂದೇ ಕುಲ, ಫಿಲ್ಲಾಂಥಸ್.

ಇದರ ಚರಿತ್ರೆ ದೊಡ್ಡದು. ಚರಕಸಂಹಿತೆಯಲ್ಲಿ ತಾಮಲಕಿ ಅನ್ನೋ ಹೆಸರು ಬರುತ್ತದೆ. ಆಯುರ್ವೇದದವರು ಅದನ್ನು ನೆಲನೆಲ್ಲಿ ಅಂತಲೇ ಗುರುತಿಸುತ್ತಾರೆ. ತಮಾಷೆ ಅಂದ್ರೆ, ಚರಕ ಅದನ್ನು ಸೇರಿಸಿರೋದು ಕೆಮ್ಮು ಮತ್ತು ಉಬ್ಬಸದ ಔಷಧಿಗಳ ಗುಂಪಿಗೆ! ಡಚ್ಚರ ಮಲಬಾರಿನ ಗವರ್ನರ್ ವ್ಯಾನ್ ರೀಡೆ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟಿಸಿದ 12 ಸಂಪುಟಗಳ 'ಹೋರ್ಟಸ್ ಮಲಬಾರಿಕಸ್'ನಲ್ಲಿ ಇದು 'ಕಿರ್ಗನೆಲಿ' ಅಂತ ಬಂತು. 1753ರಲ್ಲಿ ಲಿನೇಯಸ್ 'ಫಿಲ್ಲಾಂಥಸ್ ನಿರೂರಿ' ಅಂತ ಹೆಸರಿಟ್ಟ. ಅಲ್ಲಿಂದ ಗೊಂದಲ ಶುರು. ನಿಜವಾದ ನಿರೂರಿ ಅಮೆರಿಕ ಖಂಡದ ಗಿಡ. ನಮ್ಮ ಅಂಗಳದ್ದು ಹೆಚ್ಚಾಗಿ 'ಫಿಲ್ಲಾಂಥಸ್ ಅಮಾರಸ್'. ಅಮಾರಸ್ ಅಂದ್ರೆ ಕಹಿ. ಇವತ್ತಿಗೂ ಎಷ್ಟೋ ಪುಸ್ತಕಗಳಲ್ಲಿ ಹಳೇ ಹೆಸರೇ ಇದೆ.

ಇನ್ನು ಕಥೆಯ ರೋಚಕ ಭಾಗ. ಹೆಪಟೈಟಿಸ್ ಬಿ ವೈರಸ್ಸಿನ ಜಾಡು ಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಖ್ ಬ್ಲೂಮ್‌ಬರ್ಗ್ ಈ ಕಳೆಗಿಡದ ಬೆನ್ನು ಹತ್ತಿದರು. ಮದರಾಸಿನ ತ್ಯಾಗರಾಜನ್ ಮತ್ತು ಬ್ಲೂಮ್‌ಬರ್ಗ್ ತಂಡದ ಪ್ರಯೋಗ 1988ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ವೈರಸ್ಸನ್ನು ಮೈಯಲ್ಲಿಟ್ಟುಕೊಂಡವರಿಗೆ 30 ದಿನ ಗಿಡದ ಪುಡಿ ಕೊಟ್ಟಾಗ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಕಾಣಲಿಲ್ಲ. ಸುಮ್ಮನೆ ಹುಸಿಮಾತ್ರೆ ತಗೊಂಡ 23 ಜನರಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ. ಅಜ್ಜಿಯಂದಿರು ಗೆದ್ದರು ಅಂತ ಯಾರಿಗಾದರೂ ಅನ್ನಿಸಬೇಕು!

ಆದರೆ ವಿಜ್ಞಾನದಲ್ಲಿ ಒಂದು ಸಲ ಗೆದ್ದರೆ ಸಾಲದು. 1990ರಲ್ಲಿ ಥಾಯ್ಲೆಂಡಿನಲ್ಲಿ, 1994ರಲ್ಲಿ ನ್ಯೂಜಿಲೆಂಡಿನಲ್ಲಿ ಇಂಥದೇ ಪ್ರಯೋಗ ಮಾಡಿದಾಗ ಆ ಫಲಿತಾಂಶ ಮತ್ತೆ ಬರಲಿಲ್ಲ. 2011ರ ಕಾಕ್ರೇನ್ ವಿಮರ್ಶೆ ಎಲ್ಲ ಪ್ರಯೋಗಗಳನ್ನೂ ತೂಗಿ ನೋಡಿ, ನಂಬುವಂಥ ಪುರಾವೆ ಇಲ್ಲ ಅಂತ ಹೇಳಿತು.

ಹಾಗಾದ್ರೆ ನನಗೆ ವಾಸಿಯಾಗಿದ್ದು ಹೇಗೆ? ಕಾಮಾಲೆ ಒಂದು ರೋಗವೇ ಅಲ್ಲ, ರೋಗದ ಗುರುತು. ಮಕ್ಕಳಲ್ಲಿ ಅದು ಬಹಳ ಸಲ ಹೆಪಟೈಟಿಸ್ ಎ, ಕೆಟ್ಟ ನೀರಿನಿಂದ ಬರುವಂಥದ್ದು. ಅದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆಗ ಯಾವ ಔಷಧಿ ಕೊಟ್ಟಿದ್ದರೂ ಹೆಸರು ಆ ಔಷಧಿಗೇ ಬರುತ್ತದೆ. ಆದರೆ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ, ಯಾವುದೋ ಮಾತ್ರೆಯಿಂದ ಲಿವರ್ ಕೆಟ್ಟರೂ, ಗಡ್ಡೆ ಬೆಳೆದರೂ ಕಣ್ಣು ಹಳದಿಯೇ ಆಗೋದು. ಅಲ್ಲಿ ಮಜ್ಜಿಗೆ ಕುಡಿಯುತ್ತಾ ಕೂತ ಮೂರು ವಾರ ತುಂಬಾ ದುಬಾರಿ. ಬಸುರಿಯರಿಗೆ ಹೆಪಟೈಟಿಸ್ ಇ ಬಂದರಂತೂ ಜೀವಕ್ಕೇ ಅಪಾಯ. ರೋಗಿ ತಬ್ಬಿಬ್ಬಾಗಿ ಮಾತಾಡಿದರೆ, ರಕ್ತಸ್ರಾವವಾದರೆ ಒಂದು ಗಂಟೆಯೂ ಕಾಯಬಾರದು.

ಗಿಡ ಗುರುತಿಸೋದೂ ಸುಲಭವಲ್ಲ. ಬೆಂಗಳೂರಿನ ಸಂಶೋಧಕರು ದಕ್ಷಿಣ ಭಾರತದ 25 ಗಿಡಮೂಲಿಕೆ ಅಂಗಡಿಗಳ ಸರಕನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನೆಲನೆಲ್ಲಿಯೆಂದು ಮಾರುತ್ತಿದ್ದದ್ದರಲ್ಲಿ ಒಟ್ಟು ಆರು ಜಾತಿಯ ಫಿಲ್ಲಾಂಥಸ್‌ಗಳು ಸಿಕ್ಕವು. ಅಂಗಡಿಯವರಿಗೇ ಹೀಗಾದರೆ ನಮ್ಮ ಪಾಡೇನು? ಚರಂಡಿ ಪಕ್ಕದ್ದು, ಕಳೆನಾಶಕ ಹೊಡೆದ ತೋಟದ್ದು ಬೇರೆ.

ಹೆಪಟೈಟಿಸ್ ಬಿ ತಡೆಯಲು ಲಸಿಕೆಯಿದೆ. 2011ರಿಂದ ದೇಶದ ಎಲ್ಲ ಕಡೆ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಸೇರಿದೆ. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಹಾಕಿಸಬೇಕು. ಬ್ಲೂಮ್‌ಬರ್ಗ್ ಅವರ ದೊಡ್ಡ ಕೊಡುಗೆ ಕೊನೆಗೂ ಈ ಲಸಿಕೆಗೆ ದಾರಿ ಮಾಡಿದ್ದೇ, ನಮ್ಮ ಗಿಡ ಅಲ್ಲ.

ತಂಗಿ ನಿನ್ನೆ ಮತ್ತೆ ಫೋನ್ ಮಾಡಿದಳು. ಹೆಪಟೈಟಿಸ್ ಎ ಅಂತೆ. ಹುಡುಗ ಊಟ ಮಾಡ್ತಿದ್ದಾನೆ. "ನೋಡು, ಅಜ್ಜಿ ಔಷಧಿಯೇ ಸಾಕಾಗ್ತಿತ್ತು" ಅಂದಳು. ಇರಬಹುದು. ಆದರೆ ಅದು ಗೊತ್ತಾದದ್ದು ರಕ್ತಪರೀಕ್ಷೆಯಿಂದ ತಾನೇ?

ಅಜ್ಜಿ ಇದ್ದಿದ್ದರೆ ನನ್ನ ಈ ವಾದಕ್ಕೆ ನಕ್ಕುಬಿಡ್ತಿದ್ದಳು. ನನಗೆ ಅವಳ ಮೇಲಿನ ಪ್ರೀತಿ ಒಂಚೂರೂ ಕಡಿಮೆಯಾಗಿಲ್ಲ. ಆ ಕಾಲದಲ್ಲಿ, ಆ ಊರಲ್ಲಿ ಅವಳ ಕೈಗೆ ಸಿಕ್ಕಿದ್ದು ಅದೊಂದೇ ಗಿಡ. ನಮಗೆ ಹಾಗಲ್ಲವಲ್ಲ.