ಗುಡ್ಡದ ಕಾವಲಿನಿಂದ ವಾಕಿಟಾಕಿಯವರೆಗೆ

ಗದಗ ಜಿಲ್ಲೆಯ ಉತ್ತರ ಭಾಗದಲ್ಲಿ ದೂರದವರಿಗೆ ಮಾತು ಮುಟ್ಟಿಸುವುದು ಸುಲಭವೋ ಕಷ್ಟವೋ ಎಂಬುದನ್ನು ಮೊದಲಿನಿಂದಲೂ ನೆಲವೇ ನಿರ್ಧರಿಸಿದೆ. ರೋಣ ಮತ್ತು ನರಗುಂದದ ಸುತ್ತ ಎರಿಭೂಮಿ, ಕಣ್ಣು ಹಾಯುವವರೆಗೆ ಸಪಾಟು. ನರಗುಂದದ ಗುಡ್ಡ ಮಾತ್ರ ಆ ಬಯಲಿನಲ್ಲಿ ಹರದಾರಿಗಟ್ಟಲೆ ದೂರದಿಂದ ಕಾಣುತ್ತದೆ. ಗಜೇಂದ್ರಗಡದ ಕಡೆ ಹೊರಳಿದರೆ ಗುಡ್ಡಗಳ ಸಾಲು. ಊರು ಕೂತಿರುವುದೇ ಗುಡ್ಡದ ಬುಡದಲ್ಲಿ. ಒಂದು ಕಡೆ ಕಾಣುವುದಕ್ಕೆ ಅಡ್ಡಿಯಿಲ್ಲ, ಇನ್ನೊಂದು ಕಡೆ ಹೆಜ್ಜೆಹೆಜ್ಜೆಗೂ ಮರೆ. ಕೋಟೆ ಕಟ್ಟಿದವರು ಲೆಕ್ಕ ಹಾಕಿದ್ದು ಇದನ್ನೇ. ಇಂದು ಅದೇ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸುವ ತಂಡದವರು ಕೈಯಲ್ಲಿ ಹಿಡಿಯುವ ವಾಕಿಟಾಕಿಗೂ ಲೆಕ್ಕ ಅದೇ.

ನರಗುಂದದ ಗುಡ್ಡಕ್ಕೆ ಶಿವಾಜಿಯ ಕಾಲದಲ್ಲಿ, 1674ರಲ್ಲಿ, ಕೋಟೆ ಬಂತು. 1785ರಲ್ಲಿ ಟಿಪ್ಪುವಿನ ಸೈನ್ಯ ಅದನ್ನು ಮುತ್ತಿ ವಶಪಡಿಸಿಕೊಂಡಿತು. ಅದರ ಬೆನ್ನಿಗೇ ನಡೆದ ಮರಾಠ–ಮೈಸೂರು ಯುದ್ಧ ಮುಗಿದದ್ದು 1787ರ ಗಜೇಂದ್ರಗಡ ಒಪ್ಪಂದದಿಂದ. ಇಂಥ ಕೋಟೆಗಳ ನೆತ್ತಿಯಿಂದ ಬಯಲಿನಲ್ಲಿ ಏಳುವ ಧೂಳು ಕಾಣುತ್ತಿತ್ತು. ಕಂಡದ್ದನ್ನು ಕೆಳಗಿನವರಿಗೆ ತಿಳಿಸಲು ಕಹಳೆ, ನಗಾರಿ. ಅದರಾಚೆ ಸುದ್ದಿಯ ವೇಗವೆಂದರೆ ಕುದುರೆಯ ವೇಗ. 1858ರ ಮೇ ತಿಂಗಳಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಕೆಲವೇ ಸವಾರರೊಂದಿಗೆ ರಾಮದುರ್ಗದಿಂದ ನರಗುಂದದ ಕಡೆ ಹೊರಟು ಸುರೇಬಾನದಲ್ಲಿ ತಂಗಿದ. ಅವನ ಬರವಿನ ಸುದ್ದಿ ಅವನಿಗಿಂತ ಮೊದಲೇ ನರಗುಂದ ಮುಟ್ಟಿತ್ತು. ನರಗುಂದ ಸಂಸ್ಥಾನದ ಅರಸ ಬಾಬಾಸಾಹೇಬ ಭಾವೆಯ ಕಡೆಯವರು ರಾತ್ರಿ ಬಂದು ಅವನನ್ನು ಕೊಂದರು. ಕೆಲವೇ ದಿನಗಳಲ್ಲಿ ನರಗುಂದ ಬ್ರಿಟಿಷರ ಕೈಸೇರಿತು, ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು. ಸಂಸ್ಥಾನ ಧಾರವಾಡ ಜಿಲ್ಲೆಯಲ್ಲಿ ಸೇರಿಹೋಯಿತು.

ಹಳ್ಳಿಗಳಲ್ಲಿ ಸುದ್ದಿ ಮುಟ್ಟಿಸುವ ಕೆಲಸ ಹಲಗಿಯದು. ಕಂದಾಯದ ಗಡುವು, ಜಾತ್ರೆ, ಸಂತೆ ಯಾವುದಿದ್ದರೂ ಓಣಿಓಣಿಯಲ್ಲಿ ಡಂಗುರ. ಹೊಲದಲ್ಲಿ, ಬಾವಿ ತೋಡುವಲ್ಲಿ, ಕಲ್ಲು ಒಡೆಯುವಲ್ಲಿ ಮುಕಾದಮನ ಕೂಗೇ ಸಾಕಾಗುತ್ತಿತ್ತು. ಇವಕ್ಕೆಲ್ಲ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಅಪ್ಪಣೆಯ ಮಾತು ಬಂದದ್ದು ತಂತಿಯ ಜತೆ. ಗದಗದಿಂದ ಬಾದಾಮಿ, ವಿಜಾಪುರದ ಮೇಲೆ ಹೊಟಗಿಗೆ ಹೋಗುವ ಮೀಟರ್‌ಗೇಜ್ ಹಳಿ 1884ರಲ್ಲಿ ತೆರೆಯಿತು. ರೋಣ ತಾಲೂಕಿನ ಹೊಳೆಆಲೂರು ಆ ದಾರಿಯ ನಿಲ್ದಾಣ. ರೋಣ, ನರಗುಂದ, ಗಜೇಂದ್ರಗಡ ಮೂರೂ ಪಟ್ಟಣಗಳನ್ನು ರೈಲು ಮುಟ್ಟಲೇ ಇಲ್ಲ. ಹಳಿಯ ಬದಿಯಲ್ಲಿ ತಂತಿಕಂಬಗಳು ನಿಂತವು. ಮರುವರ್ಷವೇ, 1885ರಲ್ಲಿ, ಭಾರತೀಯ ಟೆಲಿಗ್ರಾಫ್ ಕಾಯ್ದೆ ಬಂತು. ತಂತಿಯ ಮೂಲಕ ಸುದ್ದಿ ಕಳಿಸುವ ವ್ಯವಸ್ಥೆಯನ್ನು ಸ್ಥಾಪಿಸುವ, ನಡೆಸುವ ಹಕ್ಕು ಸರ್ಕಾರಕ್ಕೆ ಮಾತ್ರ. ಉಳಿದವರು ಅದರಿಂದ ಲೈಸನ್ಸ್ ಪಡೆಯಬೇಕು ಎಂಬುದು ಕಾಯ್ದೆಯ ತಿರುಳು. ತಂತಿಗಾಗಿ ಹೆಣೆದ ಈ ನಿಯಮವೇ ಮುಂದೆ ತಂತಿಯಿಲ್ಲದ ಮಾತಿಗೂ ಅನ್ವಯವಾಯಿತು, ಸುಮಾರು 140 ವರ್ಷ ಬಾಳಿತು. ಟೆಲಿಗ್ರಾಂ ಸೇವೆ 2013ರ ಜುಲೈಯಲ್ಲೇ ನಿಂತುಹೋದರೂ ಅದರ ಹೆಸರಿನ ಕಾಯ್ದೆ ಇನ್ನೂ ಹತ್ತು ವರ್ಷ ನಡೆಯಿತು.

ರೇಡಿಯೋ ಬಂದಾಗ ಇನ್ನೊಂದು ಕಾಯ್ದೆ ಬೇಕೆನಿಸಿತು. 1933ರ ಇಂಡಿಯನ್ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ನಿಷೇಧಿಸಿದ್ದು ಲೈಸನ್ಸ್ ಇಲ್ಲದೆ ಯಂತ್ರವನ್ನು ಇಟ್ಟುಕೊಳ್ಳುವುದನ್ನು. ಬಳಸಿದ್ದು ಸಾಬೀತಾಗಬೇಕಿಲ್ಲ, ಮನೆಯಲ್ಲಿ ಸಿಕ್ಕರೆ ಸಾಕು. ಮೊದಲ ತಪ್ಪಿಗೆ 100 ರೂಪಾಯಿವರೆಗೆ ದಂಡವಿತ್ತು. ಯುದ್ಧಕಾಲದಲ್ಲಿ ಸರ್ಕಾರದ ಭಯ ಹೆಚ್ಚಿತು. 1942ರಲ್ಲಿ ಮುಂಬಯಿಯಲ್ಲಿ ಉಷಾ ಮೆಹತಾ ಮತ್ತು ಸಂಗಡಿಗರು ಗುಪ್ತವಾಗಿ ನಡೆಸಿದ ಕಾಂಗ್ರೆಸ್ ರೇಡಿಯೋ ಆ ಭಯಕ್ಕೆ ಆಧಾರವಿದೆಯೆಂದು ತೋರಿಸಿತು. ರೋಣವೂ ನರಗುಂದವೂ ಆಗ ಅದೇ ಮುಂಬಯಿ ಪ್ರಾಂತದಲ್ಲಿದ್ದವು. ಸ್ವಾತಂತ್ರ್ಯ ಬಂದ ಮೇಲೆ ಕಾನೂನು ಸಡಿಲವಾಗಲಿಲ್ಲ, ಬಿಗಿಯಾಯಿತು. 1949ರ ತಿದ್ದುಪಡಿಯಿಂದ ಲೈಸನ್ಸ್ ಇಲ್ಲದ ಟ್ರಾನ್ಸ್‌ಮಿಟರ್ ಇಟ್ಟುಕೊಂಡವರಿಗೆ ಮೂರು ವರ್ಷದವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬರೀ ಕೇಳುವ ರೇಡಿಯೋಗೂ ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಹಣ ಕಟ್ಟಿ ಲೈಸನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಬೇಕಿತ್ತು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯನ್ನು ಈ ಭಾಗದ ಮನೆಗಳು ಮೂರು ದಶಕಗಳವರೆಗೆ ಕೇಳಿದ್ದು ಆ ಪುಸ್ತಕದ ಆಸರೆಯಲ್ಲೇ.

ಎರಡೂ ಕಡೆಯಿಂದ ಮಾತಾಡುವ ಕೈರೇಡಿಯೋ ಹುಟ್ಟಿದ್ದು ಇಲ್ಲಿಂದ ಬಲು ದೂರದಲ್ಲಿ. 1930ರ ದಶಕದ ಕೊನೆಯಲ್ಲಿ ಕೆನಡಾದ ಡೊನಾಲ್ಡ್ ಹಿಂಗ್ಸ್ ಮತ್ತು ಅಮೆರಿಕದ ಅಲ್ ಗ್ರಾಸ್ ಬೇರೆಬೇರೆಯಾಗಿ ಅದನ್ನು ರೂಪಿಸಿದರು. ಎರಡನೇ ಮಹಾಯುದ್ಧದಲ್ಲಿ ಮೊಟೊರೊಲಾ ಸೈನಿಕರ ಬೆನ್ನಿಗೆ ಕಟ್ಟುವ ಸೆಟ್ಟನ್ನು ತಯಾರಿಸಿತು. ವಾಕಿಟಾಕಿ ಎಂಬ ಹೆಸರು ಬಳಕೆಗೆ ಬಂದದ್ದು ಆ ಕಾಲದಲ್ಲಿ. ಕರ್ನಾಟಕದಲ್ಲಿ ಈ ವಿದ್ಯೆಯ ನೆಲೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. 1954ರಲ್ಲಿ ಸ್ಥಾಪನೆಯಾದ ಈ ಸರ್ಕಾರಿ ಕಾರ್ಖಾನೆ ಮುಖ್ಯವಾಗಿ ಸೈನ್ಯಕ್ಕೆ ಸಂಪರ್ಕ ಸೆಟ್ಟುಗಳನ್ನು ಮಾಡಿತು. ಹಳ್ಳಿಯವರ ಕಣ್ಣಿಗೆ ವೈರ್‌ಲೆಸ್ ಬೀಳುತ್ತಿದ್ದುದು ಪೊಲೀಸ್ ಜೀಪಿನಲ್ಲಿ, ಆಮೇಲೆ ರೈಲ್ವೆ ಗಾರ್ಡಿನ ಕೈಯಲ್ಲಿ. ಹಸಿರು–ಕೆಂಪು ಬಾವುಟ ಮತ್ತು ಲಾಟೀನಿನ ಜತೆಗೆ ಗಾರ್ಡಿಗೂ ಚಾಲಕನಿಗೂ ವಾಕಿಟಾಕಿ ಸಿಕ್ಕಿದ್ದರಿಂದ ಉದ್ದನೆಯ ಗೂಡ್ಸ್ ಗಾಡಿಯ ಎರಡು ತುದಿಗಳು ಮೊದಲ ಬಾರಿಗೆ ನೇರವಾಗಿ ಮಾತಾಡಿದವು. ಗುತ್ತಿಗೆದಾರನಿಗೆ, ಕಾಲುವೆ ಕೆಲಸದವನಿಗೆ ಅದು ಎಟುಕದ ವಸ್ತು. ಬೆಲೆ ಒಂದು ಕಾರಣ, ಕಾನೂನು ದೊಡ್ಡ ಕಾರಣ.

ಕೆಲಸದ ತಂಡಗಳಿಗೆ ಇಂಥ ಸೆಟ್ಟು ನಿಜವಾಗಿ ಬೇಕಾದದ್ದು ಗಾಳಿಯಂತ್ರಗಳು ಬಂದ ಮೇಲೆ. ಕಳೆದ ಎರಡು ದಶಕಗಳಲ್ಲಿ ಗಜೇಂದ್ರಗಡದ ಸುತ್ತಣ ಗುಡ್ಡಗಳ ಮೇಲೂ ಎರಿಹೊಲಗಳ ನಡುವೆಯೂ ಗಾಳಿಕಂಬಗಳು ಎದ್ದಿವೆ. ಕಂಬದ ತುದಿ ನೆಲದಿಂದ 80 ಮೀಟರ್, ಹೊಸವಾದರೆ ಇನ್ನೂ ಮೇಲೆ. ಕ್ರೇನ್ ನಡೆಸುವವನಿಗೆ ಮೇಲಿನವರ ಕೈಸನ್ನೆ ಕಾಣುವುದಿಲ್ಲ, ಗಾಳಿಯ ಸದ್ದಿನಲ್ಲಿ ಕೂಗು ಕೇಳುವುದಿಲ್ಲ. ಮೊಬೈಲಿದೆಯಲ್ಲ ಎನ್ನಬಹುದು. ಆದರೆ ಅದು ಒಬ್ಬನಿಂದ ಒಬ್ಬನಿಗೆ ಹೋಗುವ ಕರೆ. ನಂಬರ್ ಒತ್ತಿ, ಅವನು ಎತ್ತುವವರೆಗೆ ಕಾಯಬೇಕು. ಗುಂಡಿ ಒತ್ತಿ ‘ನಿಲ್ಲಿಸು’ ಎಂದರೆ ಹತ್ತು ಜನಕ್ಕೂ ಅದೇ ಕ್ಷಣ ಕೇಳಿಸಬೇಕಾದ ಕೆಲಸಕ್ಕೆ ಅದು ಆಗಿಬರುವುದಿಲ್ಲ. ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ಇಲ್ಲದ ಜಾಗಗಳಂತೂ ಬೇರೆ ಮಾತು.

ಇದೇ ಹೊತ್ತಿಗೆ ಕಾನೂನಿನ ಗೋಡೆಯಲ್ಲಿ ಎರಡು ಕಿಂಡಿಗಳು ತೆರೆದಿದ್ದವು. 2005ರ ನಿಯಮಗಳು 26.957ರಿಂದ 27.283 ಮೆಗಾಹರ್ಟ್ಜ್‌ವರೆಗಿನ ಸಿಟಿಜನ್ ಬ್ಯಾಂಡಿನಲ್ಲಿ 5 ವ್ಯಾಟ್‌ವರೆಗಿನ ಸೆಟ್ಟುಗಳನ್ನು ಲೈಸನ್ಸಿನಿಂದ ಮುಕ್ತಗೊಳಿಸಿದವು. 2018ರ ನಿಯಮಗಳಿಂದ 446.0ರಿಂದ 446.2 ಮೆಗಾಹರ್ಟ್ಜ್‌ವರೆಗಿನ ಪಟ್ಟಿಯೂ ಕಡಿಮೆ ಶಕ್ತಿಯ ಸೆಟ್ಟುಗಳಿಗೆ ಮುಕ್ತವಾಯಿತು. ಯುರೋಪಿನಲ್ಲಿ 1990ರ ದಶಕದ ಕೊನೆಯಿಂದ ಅರ್ಧ ವ್ಯಾಟ್ ಶಕ್ತಿಯಲ್ಲಿ ಬಳಕೆಯಲ್ಲಿರುವುದು ಈ ಎರಡನೆಯದರ ಜಾತಿಯೇ.

ಎರಡರಲ್ಲಿ ಯಾವುದು ಮೇಲು ಎಂಬುದಕ್ಕೆ ಉತ್ತರ ಅಲೆಯ ಉದ್ದದಲ್ಲಿದೆ. 27 ಮೆಗಾಹರ್ಟ್ಜ್ ಅಲೆ ಸುಮಾರು 11 ಮೀಟರ್ ಉದ್ದ. ಅದರ ಕಾಲುಭಾಗದ ಆಂಟೆನಾ ಎಂದರೂ ಆಳಿಗಿಂತ ಎತ್ತರ. ಗಿಡ್ಡ ಮಾಡಿದರೆ ಶಕ್ತಿ ಪೋಲು. 446ರ ಅಲೆ 67 ಸೆಂಟಿಮೀಟರ್, ಅದರ ಕಾಲುಭಾಗ ಒಂದು ಗೇಣಿಗೂ ಕಡಿಮೆ. ಅಂಗಿಯ ಜೇಬಿನಲ್ಲಿಟ್ಟು ಕಂಬ ಹತ್ತುವವನಿಗೆ ಇದೇ ತಕ್ಕದ್ದು. ವ್ಯಾಟ್ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ನಂಬುವವರು ಇಲ್ಲಿ ಮೋಸಹೋಗುತ್ತಾರೆ. ಈ ಅಲೆಗಳು ಬಹುಮಟ್ಟಿಗೆ ನೇರ ನೋಟದಲ್ಲಿ ಸಾಗುವುದರಿಂದ, ಕಂಬದ 80 ಮೀಟರ್ ಎತ್ತರದಲ್ಲಿ ಕುಳಿತವನ ರೇಡಿಯೋ ದಿಗಂತ ಲೆಕ್ಕದ ಪ್ರಕಾರ 37 ಕಿಲೋಮೀಟರ್ ಆದರೆ, ಎರಿಹೊಲದಲ್ಲಿ ನಿಂತವನದು ಸುಮಾರು 5. ಅದರಲ್ಲೂ ಎದೆಯೆತ್ತರ ಬೆಳೆದ ಜೋಳ, ಗೋವಿನಜೋಳ ನಡುವೆ ಬಂದರೆ ಒಂದೆರಡು ಕಿಲೋಮೀಟರಿಗೇ ಮಾತು ಮಸುಕಾಗುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚಾದ 10 ಕಿಲೋಮೀಟರ್ ಎಂಬುದು ಗುಡ್ಡದಿಂದ ಗುಡ್ಡಕ್ಕೆ ಸರಿ, ಗಜೇಂದ್ರಗಡದ ಓಣಿಗಳಲ್ಲಿ ಅಲ್ಲ. ಕಂಬದ ಉಕ್ಕಿನ ಕೊಳವೆಯ ಒಳಗೆ ಇಳಿದರೆ ಹತ್ತಿರದ ಮಾತೂ ಹೊರಬರುವುದು ಕಷ್ಟ.

ಹಾಗಾಗಿ ಕೊಳ್ಳುವಾಗ ವ್ಯಾಟಿಗಿಂತ ಮೊದಲು ನೋಡಬೇಕಾದವು ಬೇರೆ. ಇಲ್ಲಿಯ ಬೇಸಿಗೆಯ ಧೂಳನ್ನು ತಡೆಯುವ ಕವಚ, ದಿನವಿಡೀ ಬಾಳುವ ಮತ್ತು ಬಿಡಿಯಾಗಿ ಸಿಗುವ ಬ್ಯಾಟರಿ, ಕೈಗವಸು ತೊಟ್ಟೇ ಒತ್ತಬಹುದಾದ ಗುಂಡಿ, ಗಾಳಿಯ ಸದ್ದು ನುಗ್ಗದ ಮೈಕು. ‘ಪ್ರೈವಸಿ ಕೋಡ್’ ಎಂಬ ಸೌಲಭ್ಯದ ಹೆಸರೇ ತಪ್ಪು ಅರ್ಥ ಕೊಡುತ್ತದೆ. ಅದು ಬೇರೆಯವರ ಮಾತನ್ನು ನಿಮ್ಮ ಕಿವಿಗೆ ಬೀಳದಂತೆ ಮಾಡುತ್ತದೆ, ನಿಮ್ಮ ಮಾತನ್ನು ಬೇರೆಯವರಿಂದ ಮುಚ್ಚುವುದಿಲ್ಲ. ಮುಕ್ತ ಪಟ್ಟಿಯಲ್ಲಿ ಯಾರಿಗೂ ಕಾಯ್ದಿಟ್ಟ ಜಾಗವಿಲ್ಲ. ಪಕ್ಕದ ತಂಡ ಅದೇ ಚಾನೆಲ್ಲಿಗೆ ಬಂದರೆ ದೂರು ಕೊಡಲೂ ಬರುವುದಿಲ್ಲ, ಬೇರೆ ಚಾನೆಲ್ಲಿಗೆ ಸರಿಯಬೇಕು.

ಕಾನೂನಿನ ತೊಡಕು ಹುಟ್ಟುವುದು ಅಗ್ಗದ ಸೆಟ್ಟುಗಳಲ್ಲೇ. ಆನ್‌ಲೈನ್ ಅಂಗಡಿಗಳಲ್ಲಿ ಹೆಚ್ಚು ಬಿಕರಿಯಾದ ಚೀನೀ ಮಾದರಿಗಳಲ್ಲಿ ಹಲವು 136–174 ಮತ್ತು 400–520 ಮೆಗಾಹರ್ಟ್ಜ್‌ನಷ್ಟು ಅಗಲದ ಪಟ್ಟಿಗಳಲ್ಲಿ 5 ವ್ಯಾಟ್ ಶಕ್ತಿಯಿಂದ ಮಾತಾಡಬಲ್ಲವು. ಪೊಲೀಸ್, ರೈಲ್ವೆ ಮೊದಲಾದವರ ಚಾನೆಲ್ಲುಗಳಿರುವುದು ಈ ಹರವಿನಲ್ಲೇ. 446ಕ್ಕೆ ತಿರುಗಿಸಿ ಇಟ್ಟುಕೊಂಡರೂ ಅಂಥ ಸೆಟ್ಟು ವಿನಾಯಿತಿಯೊಳಗೆ ಬರುವುದಿಲ್ಲ. ವಿದೇಶದಲ್ಲಿರುವ ನೆಂಟರು ತಂದುಕೊಟ್ಟ ಅಮೆರಿಕದ ಜೋಡಿ ಸೆಟ್ಟುಗಳ ಪಾಡೂ ಅಷ್ಟೇ. ಅವು ನಡೆಯುವುದು 462–467 ಮೆಗಾಹರ್ಟ್ಜ್‌ನಲ್ಲಿ. ಹವ್ಯಾಸಿ ರೇಡಿಯೋದ ಹ್ಯಾಮ್ ಲೈಸನ್ಸ್ ಇದ್ದವರು ಅಗಲ ಪಟ್ಟಿಯ ಸೆಟ್ಟನ್ನು ತಮ್ಮ ಹವ್ಯಾಸದ ಪಟ್ಟಿಗಳಲ್ಲಿ ಬಳಸಬಹುದು, ಆದರೆ ಆ ಲೈಸನ್ಸಿನಲ್ಲಿ ಗುತ್ತಿಗೆಯ ಕೆಲಸ ನಡೆಸುವಂತಿಲ್ಲ. ಮುಕ್ತ ಪಟ್ಟಿಯದಾದರೂ ಸೆಟ್ಟಿನ ಮಾದರಿಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ (ವೈರ್‌ಲೆಸ್ ಯೋಜನೆ ಮತ್ತು ಸಮನ್ವಯ) ವಿಭಾಗದ ಇಟಿಎ, ಅಂದರೆ ಸಲಕರಣೆಯ ಮಾದರಿಗೆ ಒಪ್ಪಿಗೆ ಕೊಡುವ ಪ್ರಮಾಣಪತ್ರ ಇರಲೇಬೇಕು. ಹೆಚ್ಚು ಶಕ್ತಿ, ಸ್ವಂತ ಚಾನೆಲ್ ಬೇಕಾದ ದೊಡ್ಡ ಕಂಪನಿಗಳು ಅದೇ ವಿಭಾಗಕ್ಕೆ ಸರಳ್ ಸಂಚಾರ್ ಪೋರ್ಟಲಿನಲ್ಲಿ ಅರ್ಜಿ ಹಾಕಿ, ಶುಲ್ಕ ಕಟ್ಟಿ ಲೈಸನ್ಸ್ ಪಡೆಯುತ್ತವೆ. ಹತ್ತಾಳಿನ ತಂಡಕ್ಕೆ ಆ ದಾರಿ ದುಬಾರಿ.

1885 ಮತ್ತು 1933ರ ಕಾಯ್ದೆಗಳ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದ್ದು, 2024ರ ಜೂನ್ 26ರಿಂದ ಹಂತಹಂತವಾಗಿ ಜಾರಿಯಾಗುತ್ತಿದೆ. ಅಪ್ಪಣೆಯ ತತ್ವ ಅದರಲ್ಲೂ ಉಳಿದಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ವಾಕಿಟಾಕಿ ಮಾರುವ ಆನ್‌ಲೈನ್ ತಾಣಗಳಿಗೆ ಮಾರ್ಗಸೂಚಿ ಹೊರಡಿಸಿತು. ಸೆಟ್ಟು ಯಾವ ಪಟ್ಟಿಯಲ್ಲಿ ನಡೆಯುತ್ತದೆ, ಲೈಸನ್ಸ್ ಬೇಕೋ ಬೇಡವೋ, ಇಟಿಎ ಇದೆಯೋ ಇಲ್ಲವೋ ಎಂಬುದನ್ನು ಮಾರುವವರೇ ತಿಳಿಸಬೇಕು. ಅಲ್ಲಿಯವರೆಗೆ ಕೊಂಡವನೇ ತಪ್ಪಿತಸ್ಥನಾಗುವ ಸಂಭವ ಹೆಚ್ಚಿತ್ತು. ಈ ಬದಲಾವಣೆ ಬಹಳ ತಡವಾಗಿ ಬಂತೆನ್ನಬೇಕು.

ಕಾನೂನು ಬದಲಾದರೂ ಗುಡ್ಡದ ಮರೆ ಬದಲಾಗಿಲ್ಲ. ಮುಕ್ತ ಪಟ್ಟಿಯ ಕೈಸೆಟ್ಟುಗಳ ಮಾತನ್ನು ಹಿಡಿದು ಜೋರಾಗಿ ಮುಂದಕ್ಕೆ ದಾಟಿಸುವ ರಿಪೀಟರ್ ಯಂತ್ರ ಲೈಸನ್ಸಿನ ವಿನಾಯಿತಿಯಲ್ಲಿ ಸೇರಿಲ್ಲ. ಗುಡ್ಡದ ಈಚೆ ಒಂದು ತಂಡ, ಆಚೆ ಇನ್ನೊಂದು ತಂಡ ಇದ್ದರೆ, ನೆತ್ತಿಯ ಮೇಲೆ ಒಬ್ಬನನ್ನು ನಿಲ್ಲಿಸಿ ಅವನ ಬಾಯಿಂದಲೇ ಮಾತನ್ನು ದಾಟಿಸಬೇಕು.